ಸಾಯುವವರನ್ನು ಬಿಡಿ, ಪಕ್ಕದಲ್ಲಿ ಕೂತವರನ್ನು ನೋಡಿ

ಕಳೆದ ಮಳೆಗಾಲದಲ್ಲಿ ಅಣ್ಣನ ಮಗ ಬೆಂಗಳೂರಿನಿಂದ ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ನಮ್ಮ ಜಾವಳಿಯ ಮನೆಗೆ ಬಂದಿದ್ದ. ಹೇಮಾವತಿ ಹುಟ್ಟುವ ಜಾಗ ನೋಡಬೇಕು ಅಂತ ಹೊರಟವರು, ಜಿಗಣೆ ಕಂಡು ವಾಪಸು ಬಂದು ಟಿವಿ ಮುಂದೆ ಕೂತರು. ‘777 ಚಾರ್ಲಿ’ ಹಾಕಿದರು. ನಾಯಿಗೆ ಕ್ಯಾನ್ಸರ್ ಅಂತ ಗೊತ್ತಾದದ್ದೇ ತಡ, ಒಬ್ಬಳು ಮೊಬೈಲ್ ತಿರುಗಿಸಿಕೊಂಡು ತನ್ನ ಒದ್ದೆ ಕಣ್ಣಿನ ವಿಡಿಯೊ ತೆಗೆದುಕೊಂಡಳು. ಇನ್ನೊಬ್ಬ, “ಕೊನೆಗೆ ಸಾಯುತ್ತಾ? ಸಾಯೋದಾದ್ರೆ ನಾನು ನೋಡಲ್ಲಪ್ಪ” ಅಂದ. ನನಗೆ ಮೈಯೆಲ್ಲ ಉರಿಯಿತು. ಸಾಯುತ್ತದೋ ಇಲ್ಲವೋ ಅನ್ನುವುದು ಇಂಥ ಚಿತ್ರಗಳಲ್ಲಿ ಪ್ರಶ್ನೆಯೇ ಅಲ್ಲ ಮಾರಾಯ್ರೆ! ಪೋಸ್ಟರ್ ಅಂಟಿಸುವ ಹುಡುಗನಿಗೂ ಅದು ಗೊತ್ತಿರುತ್ತದೆ.

ಹಾಗಂತ ಅಳುವುದನ್ನು ನಾನು ಹೀಗಳೆಯುವವನಲ್ಲ. ಅದೇ ಚಿತ್ರ ನೋಡಿ 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎಲ್ಲರೆದುರು ಕಣ್ಣೀರು ಹಾಕಿದ್ದರು. ತೀರಿಹೋದ ತಮ್ಮ ಮನೆಯ ನಾಯಿ ಅವರಿಗೆ ನೆನಪಾಗಿತ್ತು. ಅದು ಸರಿಯಾದ ಅಳು. ಪರದೆಯಿಂದ ಹೊರಟು ತನ್ನ ಮನೆಯಂಗಳಕ್ಕೆ ಬಂದು ಸೇರುವ ಅಳು. ಮೊಬೈಲಿಗಾಗಿ ಅತ್ತದ್ದು ಎಲ್ಲಿಗೂ ಹೋಗುವುದಿಲ್ಲ.

ಈ ಹುಡುಗರಿಗೆ ಹೇಳುವುದು ಒಂದೇ ಮಾತು. ಸಾಯುವವರ ಮುಖ ನೋಡುವುದನ್ನು ಬಿಡಿ. ಆ ಮುಖದಲ್ಲಿ ಏನೂ ಇರುವುದಿಲ್ಲ. ಇರದ ಹಾಗೆ ನೋಡಿಕೊಂಡೇ ಸಿನಿಮಾದವರು ಕಾಯಿಲೆಯನ್ನು ಆರಿಸಿರುತ್ತಾರೆ. ಹಿಂದೆ ಕ್ಷಯ ಇತ್ತು. ಕೆಮ್ಮು, ಕರವಸ್ತ್ರದಲ್ಲಿ ರಕ್ತ, ಮುಗಿಯಿತು. ಕ್ಷಯಕ್ಕೆ ಮದ್ದು ಬಂದ ಮೇಲೆ ಬ್ಲಡ್ ಕ್ಯಾನ್ಸರ್ ಬಂತು. ಗಾಯವಿಲ್ಲ, ಗಂಟಿಲ್ಲ, ನಾಯಕಿ ಸ್ವಲ್ಪ ಬೆಳ್ಳಗಾದರೆ ಸಾಕು. ಕೀಮೊ ಕೊಟ್ಟರೂ ಅವಳ ಒಂದು ಕೂದಲು ಉದುರುವುದಿಲ್ಲ. 1970ರ ‘ಲವ್ ಸ್ಟೋರಿ’ ಬಂದ ಮೇಲೆ ಅಮೆರಿಕದ ವಿಮರ್ಶಕರೇ ಇದನ್ನು ಗೇಲಿ ಮಾಡಿದ್ದರು: ಸಾವು ಹತ್ತಿರ ಬಂದಷ್ಟೂ ಚೆಂದ ಹೆಚ್ಚಿಸುವ ರೋಗಕ್ಕೆ ಆ ಚಿತ್ರದ ನಾಯಕಿ ಆಲಿ ಮೆಗ್ರಾ ಅವರ ಹೆಸರನ್ನೇ ಇಟ್ಟರು. 2001ರಲ್ಲಿ ಇಮಾಟಿನಿಬ್ ಅನ್ನುವ ಗುಳಿಗೆ ಬಂದು ಒಂದು ಬಗೆಯ ಬ್ಲಡ್ ಕ್ಯಾನ್ಸರ್ ಇದ್ದವರು ವರ್ಷಗಟ್ಟಲೆ ಬದುಕುವಂತಾಯಿತು. ಆ ಸುದ್ದಿ ನಮ್ಮ ಚಿತ್ರಕಥೆ ಬರೆಯುವವರಿಗೆ ಇನ್ನೂ ಮುಟ್ಟಿದ ಹಾಗಿಲ್ಲ.

ಕಾಯಿಲೆ ನಿಜವಾಗಿ ಕಾಣುವುದು ಆರೋಗ್ಯವಾಗಿರುವವರ ಕೈಯಲ್ಲಿ. ಇದನ್ನು ನನಗೆ ಕಲಿಸಿದ್ದು ಸಿನಿಮಾ ಅಲ್ಲ.

ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ (1981) ನಾನು ಮೊದಲು ನೋಡಿದ್ದು ಟೆಂಟಿನಲ್ಲಿ, ನೆಲದ ಮೇಲೆ ಕೂತು. ಇಳಯರಾಜಾ ಹಾಡುಗಳಿಗೆ ಶಿಳ್ಳೆ ಹೊಡೆದೆ. ಗೀತಾಳಿಗೆ ಬ್ಲಡ್ ಕ್ಯಾನ್ಸರ್ ಅಂದಾಗ ಟೆಂಟಿಗೆ ಟೆಂಟೇ ಮೂಗು ಸೀನಿತು, ನಾನೂ ಸೀನಿದೆ. ಮನೆಗೆ ಬರುವ ದಾರಿಯಲ್ಲಿ ಮತ್ತೆ ಹಾಡು. ಅಷ್ಟೇ ಆಯಿತು.

ಆಮೇಲೆ ಚಿಕ್ಕಮ್ಮನಿಗೆ ಕಾಯಿಲೆ ಬಂತು. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬಂದು ಮಾಡಿದರು. ಕಡೆಗೆ ಮನೆಗೇ ಕರೆತಂದರು. ಕಾಫಿ ಕುಯ್ಲಿನ ಕಾಲ, ಕಣದ ತುಂಬ ಹಣ್ಣು. ಚಿಕ್ಕಪ್ಪ ಮಾತಿನ ಮನುಷ್ಯನೇ ಅಲ್ಲ. ಆಳುಗಳಿಗೆ ಲೆಕ್ಕ ಹೇಳಿ ಒಳಗೆ ಬಂದು ಕಾಲು ತೊಳೆದು, ಚಿಕ್ಕಮ್ಮನ ಗಂಜಿ ಲೋಟವನ್ನು ತನ್ನ ಮಣಿಕಟ್ಟಿನ ಒಳಗಡೆಗೆ ಒತ್ತಿ ನೋಡುತ್ತಿದ್ದ. ಬಾಯೆಲ್ಲ ಹುಣ್ಣಾಗಿತ್ತು ಅವಳಿಗೆ, ಸ್ವಲ್ಪ ಬಿಸಿಯಾದರೂ ಆಗುತ್ತಿರಲಿಲ್ಲ. ಒತ್ತಿ, ಕಾದು, ಮತ್ತೆ ಒತ್ತಿ ಕೊಡುತ್ತಿದ್ದ. ಚಿಕ್ಕಮ್ಮ ಹೋಗಿ ವರ್ಷ ಕಳೆದ ಮೇಲೆ ಒಮ್ಮೆ ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರುದೋಸೆ ತಿಂದು ಕಾಫಿಗೆ ಹೇಳಿದೆವು. ಹುಡುಗ ತಂದಿಟ್ಟ ಲೋಟವನ್ನು ಚಿಕ್ಕಪ್ಪ ಎತ್ತಿ ಮಣಿಕಟ್ಟಿಗೆ ಒತ್ತಿಕೊಂಡ. ನಾನು ನೋಡಿದ್ದು ಅವನಿಗೆ ಗೊತ್ತಾಗಲಿಲ್ಲ.

ಅದಾದ ಮೇಲೆ ‘ಗೀತಾ’ವನ್ನು ಕ್ಯಾಸೆಟ್ ಹಾಕಿಸಿ ಮತ್ತೆ ನೋಡಿದೆ. ಈ ಸಲ ನಾಯಕಿಯ ಕಡೆಗೆ ಕಣ್ಣೇ ಹೋಗಲಿಲ್ಲ. ಉಳಿಯಬೇಕಾದವನು ಏನು ಮಾಡುತ್ತಿದ್ದಾನೆ? ಅವಳು ನಗುವಾಗ ಅವನ ನಗು ಅರ್ಧ ಕ್ಷಣ ತಡವಾಗುತ್ತದೆಯೇ? ಅವಳು ಮುಖ ತಿರುಗಿಸಿದಾಗ ಅವನ ಮುಖ ಏನಾಗುತ್ತದೆ? ಚಿತ್ರ ನೋಡುವುದೆಂದರೆ ಇದು. ಗೀತಾಳ ಪಾತ್ರ ಮಾಡಿದ ಅಕ್ಷತಾ ರಾವ್ ಅರುಂಧತಿನಾಗ್ ಅವರ ತಂಗಿ, ಈಗ ಪದ್ಮಾವತಿ ರಾವ್ ಹೆಸರಿನಲ್ಲಿ ರಂಗಭೂಮಿಯಲ್ಲಿರುವವರು. ಪರದೆಯ ಮೇಲೆ ಉಳಿದ ಶಂಕರ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಅಪಘಾತದಲ್ಲಿ ಹೋದ. ಮೂವತ್ತೈದು ವರ್ಷ. ಇವತ್ತು ‘ಗೀತಾ’ ನೋಡುವ ನನ್ನ ವಯಸ್ಸಿನವರ ಗಂಟಲು ಕಟ್ಟುವುದು ಗೀತಾಳಿಗಲ್ಲ, ಪಕ್ಕದಲ್ಲಿ ಕೂತ ಅವನಿಗೆ. ಯಾವ ನಿರ್ದೇಶಕನೂ ಬೇಕೆಂದು ಮಾಡಲಾಗದ್ದು ಅದು. (‘ಗೀತಾ’ದ ಒಂದು ಧಾಟಿಯನ್ನು ಇಳಯರಾಜಾ 2007ರ ‘ಚೀನಿ ಕಮ್’ಗೆ ಮತ್ತೆ ಬಳಸಿಕೊಂಡರು. ಅಲ್ಲೂ ಒಂದು ಕ್ಯಾನ್ಸರ್ ಮಗು ಇದೆ. ಧಾಟಿಗೂ ಹಣೆಬರಹ ಇರುತ್ತದೋ ಏನೋ.)

ನಾಗತಿಹಳ್ಳಿ ಚಂದ್ರಶೇಖರರ ‘ಅಮೃತಧಾರೆ’ (2005) ನೋಡಿದವರನ್ನು ವಿಚಾರಿಸಿ. ಸಾಯಲಿರುವ ರಮ್ಯಾಗೆ ಅಮಿತಾಬ್ ಬಚ್ಚನ್‌ರನ್ನು ನೋಡುವ ಆಸೆ. ಅಮಿತಾಬ್ ಖುದ್ದು ಬರುತ್ತಾರೆ. ಆಗ ಗಂಡ ಎಲ್ಲಿ ನಿಂತಿದ್ದ ಅಂತ ಕೇಳಿದರೆ ಒಬ್ಬರಿಗೂ ನೆನಪಿಲ್ಲ. ಥಿಯೇಟರಿನಲ್ಲಿ ನನ್ನ ಮುಂದಿನ ಸಾಲಿನವರು ಎದ್ದು ಕುಣಿದಿದ್ದರು. ‘ಬಂಧನ’ದ (1984) ಡಾಕ್ಟರ್ ಹರೀಶನ ಬಗ್ಗೆ ನಾನು ಬಾಯಿ ಬಿಡುವುದಿಲ್ಲ; ವಿಷ್ಣು ಅಭಿಮಾನಿಗಳು ನಮ್ಮ ಮನೆಯಲ್ಲೇ ಇಬ್ಬರಿದ್ದಾರೆ. ಸುಹಾಸಿನಿಯನ್ನು ಗಮನಿಸಿ ಅಂತಷ್ಟೇ ಹೇಳುತ್ತೇನೆ. ಹಿಂದಿಯವು ಬೇಕಾದಷ್ಟಿವೆ, ನೀವೇ ನೋಡಿಕೊಳ್ಳಿ.

ಆ ಸುಹಾಸಿನಿಯ ತಂದೆ ಚಾರುಹಾಸನ್ ಇದ್ದಾರಲ್ಲ, ಕನ್ನಡದಲ್ಲಿ ಕಾಯಿಲೆಯ ಅತಿ ದೊಡ್ಡ ಪ್ರೇಮಚಿತ್ರ ಅವರದು. ನಗಬೇಡಿ. ‘ತಬರನ ಕಥೆ’. ಕತೆ ನಮ್ಮ ಮೂಡಿಗೆರೆಯ ತೇಜಸ್ವಿಯವರದು, ನಿರ್ದೇಶನ ಗಿರೀಶ ಕಾಸರವಳ್ಳಿಯವರದು. 1986ರ ಸ್ವರ್ಣಕಮಲ ಅದಕ್ಕೇ ಬಂತು, ಚಾರುಹಾಸನ್‌ಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು. ಎಲ್ಲರೂ ಅದನ್ನು ಪೆನ್ಶನ್ನಿನ ಚಿತ್ರ, ಸರ್ಕಾರಿ ಕಚೇರಿಯ ಚಿತ್ರ ಅಂತ ಪಾಠ ಮಾಡುತ್ತಾರೆ. ಪೆನ್ಶನ್ ಯಾಕೆ ಬೇಕಿತ್ತು ತಬರನಿಗೆ? ಹೆಂಡತಿ ಅಪ್ಪಿಯ ಕಾಲಿಗೆ. ಸಕ್ಕರೆ ಕಾಯಿಲೆ, ಕೊಳೆಯುತ್ತಿರುವ ಗಾಯ, ಕಾಲು ತೆಗೆಸಲು ದುಡ್ಡಿಲ್ಲ. ಇಲ್ಲಿ ಬೆಳ್ಳಗಾಗುವ ನಾಯಕಿ ಇಲ್ಲ. ವಾಸನೆ ಬರುವ ಗಾಯ ಇದೆ. ಹೆಂಡತಿಯ ಕಾಲು ಕತ್ತರಿಸಿಕೊಡು ಅಂತ ಆ ಮುದುಕ ಕಟುಕನ ಹತ್ತಿರ ಹೋಗುತ್ತಾನಲ್ಲ, ಅದಕ್ಕಿಂತ ಗಾಢವಾದ ಪ್ರೇಮ ನಿವೇದನೆ ನಿಮ್ಮ ಯಾವ ಹೀರೊ ಯಾವ ಮಳೆಯಲ್ಲಿ ನೆನೆಯುತ್ತ ಮಾಡಿದ್ದಾನೆ, ಹೇಳಿ ನೋಡೋಣ.

ಇದನ್ನೆಲ್ಲ ಆ ರಾತ್ರಿ ಹುಡುಗರೆದುರು ಹೇಳಿ, ಬಲವಂತ ಮಾಡಿ ‘ಗೀತಾ’ ಹಾಕಿಸಿದೆ. ಇಬ್ಬರು ಮಲಗಲು ಹೋದರು. ವಿಡಿಯೊ ಹುಡುಗಿ ಕೂತಳು, ಮೊಬೈಲ್ ಚಾರ್ಜಿಗೆ ಹಾಕಿ ಬಂದು ಕೂತಳು ಅನ್ನುವುದು ಸಣ್ಣ ಸಂಗತಿಯಲ್ಲ. ಅಣ್ಣನ ಮಗ ದಿಂಬು ತಬ್ಬಿಕೊಂಡು ನೆಲದ ಮೇಲೆ. ಇನ್ನೇನು ಮುಗಿಯಲು ಅರ್ಧ ಗಂಟೆ ಇರುವಾಗ ಕರೆಂಟು ಹೋಯಿತು. ನಮ್ಮ ಕಡೆ ಮಳೆಗಾಲದಲ್ಲಿ ಒಮ್ಮೆ ಹೋದರೆ ಎರಡು ದಿನ ಅದರ ಮಾತಿಲ್ಲ.

ಕತ್ತಲಲ್ಲಿ ಹಂಚಿನ ಮೇಲೆ ಮಳೆ ಬೀಳುವುದನ್ನು ಕೇಳುತ್ತ ಸ್ವಲ್ಪ ಹೊತ್ತು ಕೂತೆವು.

“ಚಿಕ್ಕಪ್ಪ,” ಅಂದ ಅಣ್ಣನ ಮಗ, “ಅವಳು ಹೋದ ಮೇಲೆ ಇವನು ಎಂಥ ಮಾಡ್ತಾನೆ?”

ನಾನು ಬೆಂಕಿಪೊಟ್ಟಣ ಹುಡುಕಲು ಎದ್ದೆ.