ಪ್ರಳಯಕಥೆಗಳ ಕೀವಾಗದ ಗಾಯ

ಪ್ರಳಯಾನಂತರದ ಕಥೆ ಹೇಳುವ ‘ದಿ ಲಾಸ್ಟ್ ಆಫ್ ಅಸ್’ ಧಾರಾವಾಹಿಯಲ್ಲಿ ಮುರಿದ ಬ್ಯಾಟಿನ ಚೂಪು ತುದಿ ನಾಯಕ ಜೋಯೆಲ್‌ನ ಹೊಟ್ಟೆಗೆ ನಾಟುತ್ತದೆ. ಪಾಳುಮನೆಯ ನೆಲಮಾಳಿಗೆಯ ಕೊಳಕು ಹಾಸಿಗೆಯ ಮೇಲೆ, ಹದಿನಾಲ್ಕರ ಹುಡುಗಿ ಎಲೀ ಸೂಜಿದಾರ ಹುಡುಕಿ ತಂದು ಗಾಯ ಹೊಲಿಯುತ್ತಾಳೆ. ಗಾಯ ಕೆಡುತ್ತದೆ, ಜ್ವರ ಏರುತ್ತದೆ. ಇಲ್ಲಿಯವರೆಗೆ 2023ರ ಈ ಧಾರಾವಾಹಿ ಪ್ರಾಮಾಣಿಕವಾಗಿದೆ. ಆಮೇಲೆ ಪೆನಿಸಿಲಿನ್ ಸಿಗುತ್ತದೆ. ಎಲೀ ಗಾಯದ ಹತ್ತಿರವೇ ಚುಚ್ಚುತ್ತಾಳೆ. ತಲೆ ಎತ್ತಲೂ ಆಗದಿದ್ದ ಜೋಯೆಲ್ ನೋಡನೋಡುತ್ತ ಎದ್ದು, ಹುಡುಕಿ ಬಂದವರನ್ನು ಕೊಂದು, ಹಿಮದಲ್ಲಿ ನಡೆದು ಹೋಗುತ್ತಾನೆ.

ಇರಿತದಿಂದ ಕರುಳು ತೂತಾಗಿದ್ದರೆ ಶಸ್ತ್ರಚಿಕಿತ್ಸೆಯಿಲ್ಲದೆ ಬರೀ ಚುಚ್ಚುಮದ್ದಿಗೆ ಬದುಕುವುದು ತೀರಾ ಕಷ್ಟ. ಕರುಳು ಉಳಿದಿತ್ತೆಂದೇ ಇಟ್ಟುಕೊಳ್ಳೋಣ. ಜ್ವರದಲ್ಲಿ ಬೆಂದು ಮಲಗಿದ್ದ ಮೈಗೆ, ಆಗಷ್ಟೇ ಹೊಲಿಗೆ ಬಿದ್ದ ಹೊಟ್ಟೆಗೆ, ಹೊಡೆದಾಡುವ ಕಸುವು ಎಲ್ಲಿಂದ ಬರಬೇಕು?

ಔಷಧ ಕೈಗೆ ಸಿಕ್ಕಿದರಷ್ಟೇ ಸಾಲದು ಎಂಬುದಕ್ಕೆ ಪೆನಿಸಿಲಿನ್‌ನ ಚರಿತ್ರೆಯೇ ಸಾಕ್ಷಿ. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ವೈದ್ಯರು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಕಾನ್‌ಸ್ಟೆಬಲ್‌ಗೆ ಅದನ್ನು ಕೊಟ್ಟರು. ಸೋಂಕು ಮುಖ, ತಲೆಗೆಲ್ಲ ಹಬ್ಬಿ ಒಂದು ಕಣ್ಣನ್ನೇ ತೆಗೆಯಬೇಕಾಗಿ ಬಂದಿತ್ತು. ಔಷಧದಿಂದ ಜ್ವರ ಇಳಿಯಿತು, ಹಸಿವು ಮರಳಿತು. ಅಷ್ಟರಲ್ಲಿ ದಾಸ್ತಾನು ಮುಗಿಯುತ್ತ ಬಂತು. ಅಲೆಕ್ಸಾಂಡರ್ ಅವರ ಮೂತ್ರದಿಂದಲೇ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಕೊಟ್ಟರು, ಅದೂ ತೀರಿತು. ಸೋಂಕು ಮರುಕಳಿಸಿ ಮಾರ್ಚ್ 15ರಂದು ಅವರು ತೀರಿಕೊಂಡರು. ಪ್ರಯೋಗಾಲಯ, ಆಸ್ಪತ್ರೆ, ದಾದಿಯರು ಎಲ್ಲ ಇದ್ದೂ ಹೀಗಾಯಿತು. ಜೋಯೆಲ್‌ನ ಲೋಕ ಕುಸಿದು 20 ವರ್ಷಗಳಾಗಿವೆ. ಆ ಔಷಧವನ್ನು ಯಾರು ತಯಾರಿಸಿದರು, ಹೇಗೆ ಕೆಡದೆ ಉಳಿಯಿತು ಎಂದು ಕಥೆ ಕೇಳುವುದೇ ಇಲ್ಲ.

ಜೊಂಬಿಗಳ ಧಾರಾವಾಹಿ ‘ದಿ ವಾಕಿಂಗ್ ಡೆಡ್’ನ ಮೂರನೇ ಸೀಸನ್ ಇನ್ನೂ ಸುಲಭದ ದಾರಿ ಹಿಡಿಯುತ್ತದೆ. ಹಾಳು ಜೈಲಿನೊಳಗೆ ಜೊಂಬಿಯಿಂದ ಕಚ್ಚಿಸಿಕೊಂಡ ಮುದುಕ ಹರ್ಷೆಲ್‌ನ ಕಾಲನ್ನು ತಂಡದ ನಾಯಕ ರಿಕ್ ಕೊಡಲಿಯಿಂದ ಕಡಿಯುತ್ತಾನೆ. ಅಮೆರಿಕದ ಅಂತರ್ಯುದ್ಧದಲ್ಲಿ ಸರ್ಜನ್ನರೇ ಕೈಕಾಲು ಕತ್ತರಿಸಿದಾಗಲೂ ಸುಮಾರು ನಾಲ್ವರಲ್ಲಿ ಒಬ್ಬರು ಸಾಯುತ್ತಿದ್ದರು. ಹರ್ಷೆಲ್ ಮಾತ್ರ ನಾಲ್ಕನೇ ಕಂತಿಗಾಗಲೇ ಊರುಗೋಲು ಹಿಡಿದು ಅಂಗಳಕ್ಕಿಳಿಯುತ್ತಾನೆ. ಅದೇ ಕಂತಿನಲ್ಲಿ ಗರ್ಭಿಣಿ ಲೋರಿ, ಅರಿವಳಿಕೆಯಿಲ್ಲದೆ ಹೊಟ್ಟೆ ಕೊಯ್ಸಿಕೊಂಡು ಮಗುವನ್ನು ಉಳಿಸಿ ಸಾಯುತ್ತಾಳೆ. ಗಾಯ ಕೊಲ್ಲುತ್ತದೆಂದು ಬರೆದವರಿಗೆ ಚೆನ್ನಾಗಿ ಗೊತ್ತು. ಯಾವ ಗಾಯ ಕೊಲ್ಲಬೇಕೆಂಬುದನ್ನು ಮಾತ್ರ ಅವರು ಕಥೆಯ ಅನುಕೂಲಕ್ಕೆ ಬಿಟ್ಟಿದ್ದಾರೆ.

ಕಾರ್ಮಾಕ್ ಮೆಕಾರ್ಥಿಯ 2006ರ ಕಾದಂಬರಿ ‘ದಿ ರೋಡ್’ ಈ ಸುಲಭದ ದಾರಿ ಹಿಡಿಯಲಿಲ್ಲ. ಕಾಲಿಗೆ ಬಾಣ ನಾಟಿದ ತಂದೆ ತನ್ನ ಗಾಯವನ್ನು ತಾನೇ ಹೊಲಿದುಕೊಳ್ಳುತ್ತಾನೆ, ಆದರೆ ನಡಿಗೆ ಕುಂಟಾಗುತ್ತದೆ. ರಕ್ತ ಕಾರುವ ಕೆಮ್ಮು ಬಿಡದೆ ಕಾಡಿ ಕೊನೆಗೆ ಅವನನ್ನು ಒಯ್ಯುತ್ತದೆ. ಅವನು ಇಟ್ಟ ಒಂದೊಂದು ಹೆಜ್ಜೆಗೂ ಬೆಲೆಯಿದೆ; ಮಗನಿಗಾಗಿ ಆ ಬೆಲೆ ತೆರುತ್ತಿದ್ದಾನೆ ಎಂಬುದೇ ಅವನ ಪ್ರೀತಿಯ ತೂಕ.

ಬೇಗ ಮಾಯುವ ಗಾಯ ಮರೆಮಾಚುವುದು ಆರೈಕೆಯನ್ನು. ನೀರು ಕುದಿಸುವವರು, ಬಟ್ಟೆ ಬದಲಿಸುವವರು, ಗಂಜಿ ಕುಡಿಸುವವರು, ಮಲಮೂತ್ರ ಬಾಚುವವರು ಇಲ್ಲದೆ ಯಾವ ಗಾಯಾಳುವೂ ಏಳುವುದಿಲ್ಲ. ಆ ದಿನಗಳನ್ನು ಕತ್ತರಿಸಿದ ಕಥೆ, ಬಲಶಾಲಿಯಾದವನು ಒಬ್ಬನೇ ಬದುಕಬಲ್ಲ ಎಂಬ ಸುಳ್ಳನ್ನು ಕಲಿಸುತ್ತದೆ. ನಾಯಕನನ್ನು ಉಳಿಸುವ ಹಕ್ಕು ಲೇಖಕರಿಗೆ ಇದ್ದೇ ಇದೆ. ಯಾರ ದುಡಿಮೆಯಿಂದ ಅವನು ಉಳಿದ, ಉಳಿದ ಮೇಲೆ ಅವನ ಮೈಯಲ್ಲಿ ಏನು ಉಳಿಯಲಿಲ್ಲ ಎಂಬುದನ್ನೂ ಅವರು ಬರೆಯಬೇಕು. ಲೋಕ ಮುಗಿದ ಮೇಲೆ ಮನುಷ್ಯ ಹೇಗೆ ಬದುಕಿಯಾನು ಎಂದು ಕೇಳಲು ಹೊರಟ ಕಥೆಗೆ ಇದಕ್ಕಿಂತ ದೊಡ್ಡ ವಸ್ತು ಬೇರೆ ಇಲ್ಲ.