‘ದಿವಾಸ್ವಪ್ನ’ವೂ ಶಿಕ್ಷಕನ ಹೊಣೆಯೂ

ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ವನ್ನು ತಾವು ಓದಿರಬಹುದು, ಇಲ್ಲವಾದಲ್ಲಿ ಅವಶ್ಯವಾಗಿ ಓದಬೇಕು. ವಕೀಲಿ ವೃತ್ತಿಯನ್ನು ತೊರೆದು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದ ಈ ಮಹನೀಯರ ಕೃತಿಯಲ್ಲಿ ಶಿಕ್ಷಕನೊಬ್ಬನು ನಾಲ್ಕನೆಯ ತರಗತಿಯನ್ನು ಒಂದು ವರ್ಷದ ಮಟ್ಟಿಗೆ ಕೇಳಿ ಪಡೆಯುತ್ತಾನೆ. ಮೊದಲ ದಿನವೇ ಅವನ ಮೌನದ ಆಟ ಕೆಡುತ್ತದೆ; ಗದ್ದಲಕ್ಕೆ ಸೋತು ಮಕ್ಕಳನ್ನು ಮನೆಗೆ ಕಳುಹುತ್ತಾನೆ. ಬೆತ್ತಕ್ಕೆ ಮಾತ್ರ ಕೈಹಾಕುವುದಿಲ್ಲ. ಮರುದಿನ ಕಥೆ ಆರಂಭವಾಗುತ್ತದೆ. ಸೋಲನ್ನು ಮುಚ್ಚಿಡದ ಈ ಪ್ರಾಮಾಣಿಕತೆಯೇ ಗ್ರಂಥದ ಜೀವಾಳವೆಂದು ನಮ್ಮ ಎಣಿಕೆ.

ಆದರೆ ಒಂದು ಕೊರತೆಯುಂಟು. ಆ ಶಿಕ್ಷಕನಿಗೆ ಅಧಿಕಾರಿಯ ಅಪ್ಪಣೆಯಿತ್ತು. ನಮ್ಮ ಹಳ್ಳಿಯ ಗುರುಗಳಿಗೆ ಅದು ಎಲ್ಲಿಂದ ಬರಬೇಕು? 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳಗಳೆರಡನ್ನೂ ನಿಷೇಧಿಸಿತು. ಪಠ್ಯಕ್ರಮವು ಮಗುವನ್ನು ಭಯದಿಂದ ಬಿಡಿಸಬೇಕೆಂದು 29ನೆಯದು ವಿಧಿಸಿತು. (ಗಿಜುಭಾಯಿಯವರೇ ಕರಡು ಬರೆದರೇನೋ ಎನಿಸುತ್ತದೆ!) ಆದರೆ 24ನೆಯ ಕಲಮು, ಪ್ರತಿ ಮಗುವಿನ ಕಲಿಕೆಯ ಶಕ್ತಿಯನ್ನು ಅರಿತು ಹೆಚ್ಚಿನ ಪಾಠ ಹೇಳಬೇಕೆಂಬ ಕರ್ತವ್ಯದ ಪಕ್ಕದಲ್ಲಿಯೇ, ಗೊತ್ತಾದ ಅವಧಿಯೊಳಗೆ ಇಡೀ ಪಠ್ಯಕ್ರಮವನ್ನು ಮುಗಿಸಬೇಕೆಂಬುದನ್ನೂ ಇರಿಸಿದೆ. ತಪ್ಪಿದರೆ ಸೇವಾನಿಯಮದಂತೆ ಶಿಸ್ತುಕ್ರಮ. ಪಾಠ ಉಳಿದುದನ್ನು ತನಿಖೆಗೆ ಬಂದವರು ಪುಟ ಎಣಿಸಿ ಕಾಣಬಲ್ಲರು. ಹಿಂದಿನ ಸಾಲಿನ ಮಗುವಿಗೆ ತಿಳಿಯದೆ ಉಳಿದುದನ್ನು ಕಾಣುವ ಬಗೆ ಹೇಗೆ? ಕಥೆಗೆ ಕುಳಿತ ಗುರುಗಳು ಗಡಿಯಾರವನ್ನು ನೋಡುತ್ತಲೇ ಹೇಳಬೇಕಾಗಿದೆ.