ಗೆಳೆಯರ ಮೇಜು

ಪಬ್ ಕ್ರಾಲ್ ಎಂಬ ಮಾತನ್ನು ನನಗೆ ಕಲಿಸಿದವಳು ತಂಗಿಯ ಮಗಳು. ಕ್ರಾಲ್ ಎಂದರೆ ತೆವಳುವುದು. ಒಂದೇ ಸಂಜೆ ಒಂದಾದ ಮೇಲೊಂದು ಪಬ್ಬಿಗೆ ಹೋಗಿ ಒಂದೊಂದರಲ್ಲೂ ಒಂದು ಲೋಟ ಮುಗಿಸುವುದು. ಮೊದಲನೆಯದಕ್ಕೆ ನೆಟ್ಟಗೆ ನಡೆದು ಹೋದವರು ಕೊನೆಯದಕ್ಕೆ ತೆವಳಿಕೊಂಡು ಹೋಗುತ್ತಾರೆ ಎಂಬ ತಮಾಷೆ ಆ ಹೆಸರಿನಲ್ಲಿದೆ. ಅವಳು ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. 2024ರ ಜೂನ್‌ನಲ್ಲಿ ನಾನು ಅವಳಲ್ಲಿಗೆ ಹೋಗಿದ್ದಾಗ, "ನೀನು ಕುಡಿಯೋದೇನೂ ಬೇಡ ದೊಡ್ಡಮ್ಮಾ, ನಿನ್ನ ಸಾಹಿತಿಗಳು ಕೂತ ಜಾಗ ನೋಡಿಕೊಂಡು ಬರೋಣ" ಎಂದು ಹೊರಡಿಸಿದಳು. ಆ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತಾದರೂ ಹಗಲೇ. ನಾನು ಕುಡಿದದ್ದು ಜಿಂಜರ್ ಬಿಯರು. ಹೆಸರಿನಲ್ಲಷ್ಟೇ ಬಿಯರು, ನಾಲಿಗೆಗೆ ನಮ್ಮ ಶುಂಠಿ ಸೋಡವೇ. ಚೀಲದಲ್ಲಿ ಸಿ. ಎಸ್. ಲೂಯಿಸನ 'ದಿ ಫೋರ್ ಲವ್ಸ್' ಪುಸ್ತಕವಿತ್ತು. ನಾನೀಗ ಹೇಳಹೊರಟಿರುವುದು ಆ ಪುಸ್ತಕದ ಒಂದು ಅಧ್ಯಾಯದ ಬಗ್ಗೆ. ಆ ಸಂಜೆ ನೋಡಿದ ಪಬ್ಬುಗಳು ಅದಕ್ಕೆ ಬರೆದ ಟೀಕೆಯಂತೆ ನನಗೆ ಒದಗಿಬಂದವು.

ಲೂಯಿಸ್ ಎಂದರೆ ನಾರ್ನಿಯಾ ಕಥೆಗಳನ್ನು ಬರೆದವನು. ಅವನ ಗೆಳೆಯ ಟೋಲ್ಕಿನ್ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದವನು. ನಿಮ್ಮ ಮಕ್ಕಳು ಆ ಸಿನಿಮಾಗಳನ್ನು ನೋಡಿಯೇ ಇರುತ್ತಾರೆ. ಇವರಿಬ್ಬರೂ ಇನ್ನು ಕೆಲವರೂ ಸೇರಿದ ಕೂಟಕ್ಕೆ ಇಂಕ್ಲಿಂಗ್ಸ್ ಎಂದು ಹೆಸರು. ಸೇಂಟ್ ಜೈಲ್ಸ್ ಬೀದಿಯ ಈಗಲ್ ಅಂಡ್ ಚೈಲ್ಡ್ ಎಂಬ ಪಬ್ಬಿನ ಹಿಂಬದಿಯ ಪುಟ್ಟ ಕೋಣೆಯಲ್ಲಿ ಮಂಗಳವಾರ ಬೆಳಿಗ್ಗೆ ಸೇರುತ್ತಿದ್ದರು. 'ರಿಂಗ್ಸ್' ಕಾದಂಬರಿಯನ್ನು ಅಲ್ಲೇ ಓದಿ ಕೇಳಿಸಿದರೆಂದು ಪ್ರವಾಸಿಗಳಿಗೆ ಹೇಳುವುದುಂಟು. ಹಸ್ತಪ್ರತಿಗಳ ಓದು ಹೆಚ್ಚಾಗಿ ನಡೆದದ್ದು ಗುರುವಾರ ರಾತ್ರಿ, ಮಾಡ್ಲಿನ್ ಕಾಲೇಜಿನ ಲೂಯಿಸನ ಕೋಣೆಯಲ್ಲಿ. ಪಬ್ಬಿನಲ್ಲಿ ನಡೆದದ್ದು ಹರಟೆ. ಹಾಗೆಂದು ಅದು ಸಣ್ಣ ವಿಷಯವೇನಲ್ಲ.

ನಾವು ಹೋದಾಗ ಈಗಲ್ ಅಂಡ್ ಚೈಲ್ಡ್ ಬಾಗಿಲು ಹಾಕಿತ್ತು. 2020ರಲ್ಲಿ ಕೊರೊನಾ ಕಾಲಕ್ಕೆ ಮುಚ್ಚಿದ್ದನ್ನು 2023ರಲ್ಲಿ ಎಲಿಸನ್ ಹೆಸರಿನ ತಂತ್ರಜ್ಞಾನ ಸಂಸ್ಥೆ ಕೊಂಡುಕೊಂಡಿತ್ತು. ಮುಚ್ಚಿದ ಬಾಗಿಲಿನ ಮುಂದೆ ನಿಂತು ಆ ಅಧ್ಯಾಯ ತೆರೆದೆ.

ಅಧ್ಯಾಯದ ವಿಷಯ ಗೆಳೆತನ. ಚೆನ್ನಾಗಿದೆ ಎಂದು ಮೊದಲೇ ಹೇಳಿಬಿಡಬೇಕು. ಪ್ರೇಮಿಗಳು ಎದುರುಬದುರು ನಿಂತು ಒಬ್ಬರನ್ನೊಬ್ಬರು ನೋಡುತ್ತಾರೆ. ಗೆಳೆಯರು ಪಕ್ಕಪಕ್ಕ ನಿಂತು ಮೂರನೆಯದೇನನ್ನೋ ನೋಡುತ್ತಾರೆ ಎನ್ನುತ್ತಾನೆ ಲೂಯಿಸ್. ಅವನ ಗೆಳೆಯ ಚಾರ್ಲ್ಸ್ ವಿಲಿಯಮ್ಸ್ 1945ರಲ್ಲಿ ತೀರಿಕೊಂಡ. ಆಗ ಉಳಿದ ಗೆಳೆಯ ಟೋಲ್ಕಿನ್ ತನ್ನ ಪಾಲಿಗೆ ಹೆಚ್ಚಾಗಲಿಲ್ಲ, ಕಡಿಮೆಯಾದ. ಚಾರ್ಲ್ಸನ ಹಾಸ್ಯಕ್ಕೆ ಟೋಲ್ಕಿನ್ ನಗುತ್ತಿದ್ದ ಆ ನಗುವನ್ನು ಇನ್ನು ತಾನು ನೋಡಲಾರೆ ಎಂದು ಬರೆಯುತ್ತಾನೆ. ಗುಂಪಿನಲ್ಲಿ ಒಬ್ಬರನ್ನು ಕಳೆದುಕೊಂಡ ಯಾರಿಗೂ ಇದು ಒಳಗೆ ತಾಗುತ್ತದೆ. ನಮ್ಮ ಓದುವ ಬಳಗದ ಗೆಳತಿಯೊಬ್ಬಳು ಹೋದ ಮೇಲೆ ಉಳಿದ ನಾವು ಒಬ್ಬರಿಗೊಬ್ಬರು ಸ್ವಲ್ಪ ಸಪ್ಪೆಯಾಗಿದ್ದೇವೆ. ಕಾರಣ ಈ ಪುಟದಲ್ಲಿ ಸಿಕ್ಕಿತು.

ಕೆಲವು ಪುಟ ಕಳೆದ ಮೇಲೆ ಹೆಂಗಸರು ಬರುತ್ತಾರೆ. ಕಲಿತ ಗಂಡಸರ ಮಾತಿನ ನಡುವೆ ಅಷ್ಟು ಕಲಿಯದ ಹೆಂಗಸು ಬಂದು ಕುಳಿತರೆ ಏನಾಗುತ್ತದೆ? ಅವರು ಮರ್ಯಾದೆಗೆಂದು ಅವಳಿಗೂ ವಿವರಿಸಲು ಹೋಗುತ್ತಾರೆ, ಚರ್ಚೆ ಹೋಗಿ ಹರಟೆಯಾಗುತ್ತದೆ. ಅವಳು ಯಾವುದಕ್ಕಾಗಿ ಬಂದಳೋ ಅದು ಅವಳು ಬಂದ ಕ್ಷಣಕ್ಕೇ ಇಲ್ಲವಾಗುತ್ತದೆ; ಹತ್ತಿರ ಹೋದಷ್ಟೂ ದೂರ ಸರಿಯುವ ದಿಗಂತದ ಹಾಗೆ. ನ್ಯಾಯ ತಪ್ಪಬಾರದು, ಲೂಯಿಸ್ ಇನ್ನೊಂದು ಮಾತನ್ನೂ ಹೇಳಿದ್ದಾನೆ: ಹೆಣ್ಣುಗಂಡು ಒಂದೇ ಕೆಲಸ ಮಾಡುವ ಕಡೆ, ತನ್ನ ವೃತ್ತಿಯಂಥ ಕಡೆ, ಗೆಳೆತನ ಸಾಧ್ಯ. ಆದರೆ ಅದು ದಾರಿಯಲ್ಲಿ ಹೇಳಿ ಮುಂದೆ ಹೋದ ಮಾತು. ಅವನ ಬರವಣಿಗೆ ಕಳೆಗಟ್ಟುವುದು ಮಾತು ಕೆಡಿಸುವ ಹೆಂಗಸನ್ನು ಚಿತ್ರಿಸುವಾಗ.

ಈ ಚಿತ್ರ ಸುಳ್ಳೆಂದು ನಾನು ಹೇಳಲಾರೆ. ನಾನು ಅದರ ಆಚೆ ಬದಿಯಲ್ಲಿ ನಿಂತವಳು. ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಅಪ್ಪನ ಸ್ನೇಹಿತರು ಸೇರಿ ಗದುಗಿನ ಭಾರತ ಓದಿ ವಾದ ಮಾಡುತ್ತಿದ್ದರು. ಕಾಫಿ ಒಯ್ಯುವುದು ನನ್ನ ಕೆಲಸ. ಹೊಸ್ತಿಲಿನವರೆಗೆ ಕರ್ಣನ ವಿಷಯವಾಗಿ ಜೋರಾಗಿ ಕೇಳಿಬರುತ್ತಿದ್ದ ಮಾತು ನಾನು ತಟ್ಟೆ ಹಿಡಿದು ಒಳಗೆ ಕಾಲಿಟ್ಟೊಡನೆ ನಿಲ್ಲುತ್ತಿತ್ತು. "ಪರೀಕ್ಷೆ ಯಾವಾಗಮ್ಮಾ?" ಎಂದು ಯಾರೋ ಕೇಳುತ್ತಿದ್ದರು. ಒಳಗೆ ಒಲೆಯ ಮುಂದಿದ್ದ ಅಮ್ಮನಿಗೆ ಕುಮಾರವ್ಯಾಸನ ಪದ್ಯಗಳು ನೂರಾರು ಬಾಯಿಗೆ ಬರುತ್ತಿದ್ದವು. ಜಗಲಿಯವರು ಸಾಲು ತಪ್ಪಿದರೆ ಅಡಿಗೆಮನೆಯಲ್ಲೇ ತಿದ್ದಿಕೊಳ್ಳುತ್ತಿದ್ದಳು. ಕಾಫಿಗೆ ಸಕ್ಕರೆ ಸಾಲದು ಎಂದು ಹೇಳಲು ಅವಳನ್ನು ಕರೆದಿದ್ದಾರೆ, ಸಾಲು ಯಾವುದೆಂದು ಕೇಳಲು ಕರೆದವರಿಲ್ಲ.

ಲೂಯಿಸನೊಂದಿಗೆ ನನ್ನ ಜಗಳ ಇರುವುದು ಇಲ್ಲಿ. ಹೆಂಗಸು ಬಂದಾಗ ಮಾತು ನಿಂತದ್ದು ಅವನಿಗೆ ಕಾಣುತ್ತದೆ. ಆ ಹೊತ್ತಿನವರೆಗೆ ಅವಳು ಎಲ್ಲಿದ್ದಳು, ಬಾಗಿಲು ಯಾರು ಹಾಕಿದ್ದರು ಎಂಬುದು ಕಾಣುವುದಿಲ್ಲ. ಅವಳ ತಿಳಿಯದಿರುವಿಕೆ ಅವನಿಗೆ ಮಳೆಗಾಲವಿದ್ದ ಹಾಗೆ: ಇದೆ, ಅಷ್ಟೆ.

ಕಲಿತ ಹೆಂಗಸರಿರಲಿಲ್ಲವೇ? ಡೊರೊಥಿ ಸೇಯರ್ಸ್ ಇದೇ ಆಕ್ಸ್‌ಫರ್ಡಿನಲ್ಲಿ 1893ರಲ್ಲಿ ಹುಟ್ಟಿದವಳು, ಸಮರ್‌ವಿಲ್ ಕಾಲೇಜಿನಲ್ಲಿ 1915ರಲ್ಲಿ ಓದು ಮುಗಿಸಿದವಳು. ಪದವಿ ಸಿಕ್ಕಿದ್ದು ಮಾತ್ರ 1920ರಲ್ಲಿ. ಹೆಂಗಸರಿಗೆ ಪದವಿ ಕೊಡಲು ವಿಶ್ವವಿದ್ಯಾಲಯ ಒಪ್ಪಿದ್ದೇ ಆಗ. ಪತ್ತೇದಾರಿ ಕಾದಂಬರಿಗಳಿಂದ ಹೆಸರು ಮಾಡಿ, ಮುಂದೆ ಡಾಂಟೆಯನ್ನು ಇಂಗ್ಲಿಷಿಗೆ ತಂದಳು. ಲೂಯಿಸನಿಗೂ ಅವಳಿಗೂ ವರ್ಷಗಟ್ಟಲೆ ಪತ್ರ ವ್ಯವಹಾರವಿತ್ತು. ಆದರೂ ಆ ಮೇಜಿಗೆ ಅವಳು ಬಂದವಳಲ್ಲ. ನಮ್ಮ ಕೂಟವೊಂದು ಇದೆಯೆಂಬುದೇ ಬಹುಶಃ ಅವಳಿಗೆ ತಿಳಿದಿರಲಿಲ್ಲ ಎಂದು ಅವಳು ಸತ್ತ ಮೇಲೆ ಲೂಯಿಸ್ ಸಹಜವಾಗಿ ಬರೆಯುತ್ತಾನೆ. ನನಗೆ ಆ ಸಹಜತೆಯೇ ಚುಚ್ಚಿತು.

ರಸ್ತೆ ದಾಟಿದರೆ ಲ್ಯಾಂಬ್ ಅಂಡ್ ಫ್ಲ್ಯಾಗ್. 1962ರಲ್ಲಿ ಈಗಲ್ ಅಂಡ್ ಚೈಲ್ಡನ್ನು ಹಿಂದಕ್ಕೆ ಬೆಳೆಸಿ ಕೋಣೆಯ ಏಕಾಂತ ಹೋದ ಮೇಲೆ ಕೂಟ ಇಲ್ಲಿಗೆ ಬಂತು. 2021ರಲ್ಲಿ ಇದೂ ಮುಚ್ಚಿ 2022ರ ಅಕ್ಟೋಬರಿನಲ್ಲಿ ಮತ್ತೆ ತೆರೆಯಿತು. ಇಲ್ಲಿ ಕೂತಾಗ ನನಗೆ ನೆನಪಾದವಳು ಜಾಯ್ ಡೇವಿಡ್‌ಮನ್. ಅಮೆರಿಕದ ಕವಯಿತ್ರಿ, ಗಟ್ಟಿಯಾಗಿ ವಾದ ಮಾಡುವವಳು. 1956ರಲ್ಲಿ ಲೂಯಿಸ್ ಅವಳನ್ನು ಮದುವೆಯಾದ. ಅವನ ಗೆಳೆಯರಲ್ಲಿ ಹಲವರಿಗೆ ಅವಳು ಹಿಡಿಸಲಿಲ್ಲ. ಮದುವೆಯ ಸುದ್ದಿಯನ್ನು ಟೋಲ್ಕಿನ್‌ಗೆ ಅವನು ಹೇಳಿರಲೇ ಇಲ್ಲ. 'ದಿ ಫೋರ್ ಲವ್ಸ್' ಪ್ರಕಟವಾದ 1960ರಲ್ಲೇ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡಳು. ತನ್ನ ಜೊತೆ ಸರಿಸಮವಾಗಿ ವಾದಿಸುವ ಹೆಂಗಸು ಮನೆಯಲ್ಲೇ ಇರುವಾಗ ಆ ಅಧ್ಯಾಯ ಬಂತಲ್ಲ ಎಂಬುದು ನನಗೆ ಒಗಟು. ಮನೆಯ ಅನುಭವ ಒಂದು, ಮೇಜಿನ ಅಭ್ಯಾಸ ಇನ್ನೊಂದು. ಬರೆಯುವಾಗ ಕೈ ಹಿಡಿದದ್ದು ಮೇಜು ಎಂದು ನನ್ನ ಅನಿಸಿಕೆ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಹೋಲಿವೆಲ್ ಬೀದಿಯ ಮೂಲೆಯಲ್ಲಿ ಕಿಂಗ್ಸ್ ಆರ್ಮ್ಸ್. ವಾಡಮ್ ಕಾಲೇಜಿಗೆ ಸೇರಿದ ಕಟ್ಟಡ. ಇದರ ಹಿಂದಿನ ಬಾರಿನಲ್ಲಿ 1973ರವರೆಗೆ ಗಂಡಸರಿಗಷ್ಟೇ ಪ್ರವೇಶ. ನಾನು ಓದುವ ಮೊದಲೇ ಸೊಸೆಯಂಥ ಆ ಹುಡುಗಿ ಅಲ್ಲೇ ಹೋಗಿ ಕಾಲು ಚಾಚಿ ಕೂತಿದ್ದಳು! ವಾಡಮ್ ಕಾಲೇಜನ್ನು 1610ರಲ್ಲಿ ಗಂಡನ ಇಚ್ಛೆಯಂತೆ ಕಟ್ಟಿಸಿದವಳು ಡೊರೊಥಿ ವಾಡಮ್ ಎಂಬ ಎಪ್ಪತ್ತು ದಾಟಿದ ವಿಧವೆ. ಅಲ್ಲಿ ವಿದ್ಯಾರ್ಥಿನಿಯರಿಗೆ ಜಾಗ ಸಿಕ್ಕಿದ್ದು 1974ರಲ್ಲಿ. ಹಳೆಯ ಇಂಗ್ಲಿಷ್ ಪಬ್ಬುಗಳಲ್ಲಿ ಸ್ನಗ್ ಎಂಬ ಮರೆಯ ಕೋಣೆ ಇರುತ್ತಿತ್ತು, ಹೆಂಗಸರು ಯಾರ ಕಣ್ಣಿಗೂ ಬೀಳದೆ ಕೂರಲಿಕ್ಕೆ. ನಮ್ಮೂರುಗಳ ಹೋಟೆಲಿನ ಫ್ಯಾಮಿಲಿ ರೂಮ್ ನಿಮಗೆ ನೆನಪಿದ್ದರೆ ನಾನು ಹೆಚ್ಚು ಹೇಳಬೇಕಿಲ್ಲ. ಆ ಮಾಸಿದ ಪರದೆಯ ಹಿಂದೆ ದೋಸೆ ಅದೇ ದೋಸೆ. ಹೊರಗಿನ ಮಾತು ಮಾತ್ರ ಅರ್ಧ ಕೇಳಿಸುತ್ತಿತ್ತು. ಲಂಡನ್ನಿನ ಎಲ್ ವಿನೋ ಎಂಬ ಬಾರಿನಲ್ಲಂತೂ ಪತ್ರಕರ್ತೆಯರು ಕೌಂಟರಿನ ಬಳಿ ನಿಂತು ಕುಡಿಯುವಂತಿರಲಿಲ್ಲ, ಹಿಂದಿನ ಕೋಣೆಗೆ ಹೋಗಿ ಕೂರಬೇಕಿತ್ತು. ಇಬ್ಬರು ಹೆಂಗಸರು ದಾವೆ ಹೂಡಿ 1982ರಲ್ಲಿ ಗೆದ್ದರು. ಪತ್ರಕರ್ತರಿಗೆ ಸುದ್ದಿ ಸಿಗುತ್ತಿದ್ದದ್ದು ಆ ಕೌಂಟರಿನ ಮುಂದೆ; ದಾವೆ ಬರೀ ಒಂದು ಲೋಟ ವೈನಿನದಾಗಿರಲಿಲ್ಲ.

ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿಯಾಗಿ 1960ರಲ್ಲಿ ಲೂಯಿಸನ ಹಳೆಯ ಮಾಡ್ಲಿನ್ ಕಾಲೇಜಿಗೇ ಬಂದರು, ಮುಂದೆ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾದರು. ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಅವರು ಬಂದಿಳಿದಾಗ ಧಾರವಾಡದ ಹುಡುಗ ಆ ಯೂನಿಯನ್ನಿನ ಸದಸ್ಯನಾಗಬಹುದಿತ್ತು, ಇಂಗ್ಲಿಷ್ ಹುಡುಗಿ ಪೂರ್ಣ ಸದಸ್ಯೆಯಾಗುವಂತಿರಲಿಲ್ಲ. ಅದಾದದ್ದು 1963ರಲ್ಲಿ.

ಟರ್ಫ್ ಟ್ಯಾವರ್ನಿಗೆ ಹೋಗುವ ಓಣಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದು. ಆಸ್ಟ್ರೇಲಿಯಾದ ಪ್ರಧಾನಿಯಾದ ಬಾಬ್ ಹಾಕ್ ವಿದ್ಯಾರ್ಥಿಯಾಗಿದ್ದಾಗ ಎರಡೂವರೆ ಪಿಂಟ್ ಬಿಯರನ್ನು ಹನ್ನೊಂದು ಸೆಕೆಂಡಿನಲ್ಲಿ ಕುಡಿದ ಕೀರ್ತಿಗೆ ಅಲ್ಲೊಂದು ಫಲಕವಿದೆ. ಇರಲಿ. ಅಲ್ಲಿ ನಾನು ಯೋಚಿಸಿದ್ದು ಥಾಮಸ್ ಹಾರ್ಡಿಯ 'ಜೂಡ್ ದಿ ಅಬ್‌ಸ್ಕ್ಯೂರ್' ಬಗ್ಗೆ. 1895ರ ಈ ಕಾದಂಬರಿಯಲ್ಲಿ ಆಕ್ಸ್‌ಫರ್ಡಿಗೆ ಕ್ರೈಸ್ಟ್‌ಮಿನ್‌ಸ್ಟರ್ ಎಂದು ಹೆಸರು. ಕಾಲೇಜು ಸೇರುವ ಆಸೆಯ ಕಲ್ಲುಕುಟಿಗ ಜೂಡ್, ಅದು ಕೈಗೂಡದೆ ಪಬ್ಬಿನಲ್ಲಿ ಕುಡಿದು, ವಿದ್ಯಾರ್ಥಿಗಳು ಸವಾಲು ಹಾಕಿದರೆಂದು ಲ್ಯಾಟಿನ್ ಪ್ರಾರ್ಥನೆ ಒಪ್ಪಿಸುತ್ತಾನೆ. ಸರಿಯೋ ತಪ್ಪೋ ತೀರ್ಮಾನಿಸುವ ಯೋಗ್ಯತೆ ಅಲ್ಲಿ ಒಬ್ಬನಿಗೂ ಇಲ್ಲವೆಂದು ಅವನಿಗೆ ಹೊಳೆಯುತ್ತದೆ. ಮುಂದೊಂದು ದಿನ ಅದೇ ಪಬ್ಬಿನ ಕೌಂಟರಿನ ಹಿಂದೆ ಬಿಯರು ಸುರಿಯುತ್ತಿರುವವಳು ಅವನನ್ನು ಬಿಟ್ಟುಹೋದ ಹೆಂಡತಿ ಅರಬೆಲ್ಲ. ಹಾರ್ಡಿಗೆ ಅರಬೆಲ್ಲ ಇಷ್ಟವಿಲ್ಲ, ಆದರೂ ಅವನ ಕಣ್ಣು ಪ್ರಾಮಾಣಿಕ. ಮೇಜಿನಿಂದ ಹೊರಗುಳಿದವನೂ ಮೇಜಿಗೆ ಬಡಿಸುವವಳೂ ಅವನಿಗೆ ಕಾಣುತ್ತಾರೆ. ಲೂಯಿಸನ ಗೆಳೆಯರಿಗೂ ಯಾರೋ ಲೋಟ ತುಂಬಿಸಿಕೊಟ್ಟಿರಲೇಬೇಕು; ಅವನ ಅಧ್ಯಾಯದಲ್ಲಿ ಆ ಕೈ ಇಲ್ಲ.

ಕೊನೆಯದು ಆಲ್‌ಫ್ರೆಡ್ ಬೀದಿಯ ದಿ ಬೇರ್. ಚಾವಣಿ ಕೈಗೆಟಕುವಷ್ಟು ತಗ್ಗು. ಗೋಡೆಯ ತುಂಬ ಗಾಜಿನ ಹಿಂದೆ ಕತ್ತರಿಸಿದ ಟೈ ತುಂಡುಗಳು, 4500ಕ್ಕೂ ಹೆಚ್ಚು. ಕ್ಲಬ್ಬಿನದೋ ಶಾಲೆಯದೋ ಪಲ್ಟನಿನದೋ ಟೈ ತುದಿ ಕತ್ತರಿಸಿಕೊಟ್ಟವನಿಗೆ ಅರ್ಧ ಪಿಂಟ್ ಬಿಯರು ಎಂದು 1952ರಲ್ಲಿ ಶುರುವಾದದ್ದಂತೆ. ನಮ್ಮ ಬಳಿ ಕೊಡಲು ಟೈ ಇರಲಿಲ್ಲ, ದುಡ್ಡು ಕೊಟ್ಟೆವು. ಆ ಪುಟವನ್ನು ಅಲ್ಲೇ ಕನ್ನಡದಲ್ಲಿ ಅವಳಿಗೆ ಹೇಳಿದೆ. ಅವಳ ಪ್ರಯೋಗಾಲಯದ ಆರು ಜನ ಶುಕ್ರವಾರ ಸಂಜೆ ಪಬ್ಬಿಗೆ ಹೋಗುತ್ತಾರೆ. ನಾಲ್ವರು ಹೆಂಗಸರು, ಮಾತೆಲ್ಲ ಪ್ರೋಟೀನಿನದು.

"ನಾನು ಹೋದರೆ ಮಾತು ನಿಲ್ಲಲ್ಲ ದೊಡ್ಡಮ್ಮಾ. ಹೋಗದಿದ್ದರೆ ಫೋನ್ ಮಾಡಿ ಕರೀತಾರೆ" ಎಂದಳು. ಆಮೇಲೆ ಸ್ವಲ್ಪ ತಡೆದು, "ಅಜ್ಜಿಗೆ ನಿಜವಾಗ್ಲೂ ಅಷ್ಟೊಂದು ಪದ್ಯ ಬರ್ತಿತ್ತಾ?" ಎಂದು ಕೇಳಿದಳು. ಬರುತ್ತಿದ್ದದ್ದರಲ್ಲಿ ನನಗೆ ನೆನಪಿದ್ದ ಎರಡನ್ನು ಟೈಗಳ ಕೆಳಗೆ ಕೂತು ಮೆಲ್ಲಗೆ ಹೇಳಿದೆ. ಕೌಂಟರಿನವಳು ಲೋಟ ಒರೆಸುತ್ತಾ ಒಮ್ಮೆ ಈ ಕಡೆ ನೋಡಿದಳು.